ಮಾವಳ್ಳಿ ಗರಡಿಯ ಕಟ್ಟಳೆ

ಮಾವಳ್ಳಿಯಲ್ಲಿ ಲಾಲ್‌ಬಾಗಿನ ಗೋಡೆಗೆ ಬೆನ್ನು ಕೊಟ್ಟುಕೊಂಡಿದ್ದ ಗರಡಿಗೆ ಸೊಣ್ಣಪ್ಪ ವಸ್ತಾದಿ, ಅಂದರೆ ಕುಸ್ತಿ ಕಲಿಸುವ ಗುರು. ಹೊಟ್ಟೆಪಾಡಿಗೆ ಲಾಲ್‌ಬಾಗಿನಲ್ಲೇ ಮಾಲಿ. ಬೆಳಗ್ಗೆಯೆಲ್ಲ ಹೂವಿನ ಪಾತಿಗೆ ನೀರು ಬಿಟ್ಟು, ಸಂಜೆ ಪೈಲ್ವಾನರ ಬೆವರಿಳಿಸುತ್ತಿದ್ದ. ಎರಡರಲ್ಲಿ ಯಾವ ಕೆಲಸ ದೊಡ್ಡದು ಎಂದು ಯಾರಾದರೂ ಕೇಳಿದರೆ ಕೇಳಿದವನನ್ನು ಮೇಲಿಂದ ಕೆಳಗೆ ನೋಡಿ, "ಗಿಡ ಯಾರ್ ಬೇಕಾದ್ರೂ ಬೆಳೆಸ್ತಾರೆ ಕಣಯ್ಯಾ" ಎನ್ನುತ್ತಿದ್ದ. ಇದು ಇಲಾಖೆಯ ಸಾಹೇಬರ ಕಿವಿಗೆ ಬೀಳದೆ ಇದ್ದದ್ದರಿಂದ ಅವನ ನೌಕರಿ ಉಳಿದುಕೊಂಡಿತ್ತು.

ಗರಡಿಯೆಂದರೆ ತಗ್ಗು ಬಾಗಿಲಿನ, ಕಿಟಕಿಯಿಲ್ಲದ ಒಂದೇ ಕೋಣೆ. ಎಂಥ ಪೈಲ್ವಾನನೂ ಬಗ್ಗಿಯೇ ಒಳಗೆ ಹೋಗಬೇಕು. ಒಳಗೆ ಆಂಜನೇಯನ ಪಟ, ಮೂಲೆಗೆ ಒರಗಿಸಿದ ಗದೆಗಳು, ನಡುವೆ ಕೆಮ್ಮಣ್ಣು ತುಂಬಿದ ಮಟ್ಟಿ. ಆ ಮಣ್ಣಿಗೆ ಅರಿಶಿನ, ಮಜ್ಜಿಗೆ, ಎಳ್ಳೆಣ್ಣೆ ಬೆರೆಸಿ, ಮೇಲಿಂದ ಬಿದ್ದರೂ ಮೈ ನೋಯದ ಹಾಗೆ ಹದ ಮಾಡಿರುತ್ತಿದ್ದರು. ಮಟ್ಟಿಯ ಸುತ್ತ ಮಾತ್ರ ಕಲ್ಲಿನ ಕಟ್ಟೆ. ಹೆಂಗಸರು ಹೊಸಿಲು ದಾಟುವಂತಿಲ್ಲ. ಗರಡಿಯಲ್ಲಿ ನಡೆದದ್ದನ್ನು ಮನೆಗೆ ಹೋಗಿ ಹೇಳುವಂತಿಲ್ಲ. ಇಂಥವು ಬೇರೆ ಗರಡಿಗಳಲ್ಲೂ ಇದ್ದವು. ಮಾವಳ್ಳಿಯವರಿಗೆ ಮಾತ್ರ ಇನ್ನೂ ಒಂದು ಕಟ್ಟಳೆ ಇತ್ತು. ಏಟು ತಿಂದು ಬಿದ್ದವನು ಅದೇ ದಿನ, ಆಂಜನೇಯನ ಮುಂದೆ ದೀಪ ಹಚ್ಚುವುದರೊಳಗೆ, ಮತ್ತೆ ಮಟ್ಟಿಗಿಳಿದು ಒಂದು ಜೋಡಿ ಆಡಿಯೇ ಮನೆಗೆ ಹೋಗಬೇಕು.

ಇದನ್ನು ಮಾಡಿಟ್ಟವನು ಸೊಣ್ಣಪ್ಪನ ಗುರು ಹನುಮಂತಯ್ಯ. ಮೀಸೆ ಚಿಗುರುವ ವಯಸ್ಸಿನಲ್ಲಿ ಸೊಣ್ಣಪ್ಪ ಒಮ್ಮೆ ಬಿದ್ದು ಭುಜ ಉಳುಕಿಸಿಕೊಂಡು, ಈ ಗರಡಿಯ ಸಹವಾಸವೇ ಬೇಡ ಎಂದು ಅಳುತ್ತ ಕೂತಿದ್ದ. ಹನುಮಂತಯ್ಯ ಅವನ ಕತ್ತು ಹಿಡಿದು ಮಟ್ಟಿಗೆ ತಳ್ಳಿ, "ಹೆದರಿಕೆ ಮನೆಗೆ ತಗೊಂಡ್ ಹೋಗ್ಬೇಡ, ಇಲ್ಲೇ ಬಿಟ್ಟು ಹೋಗು" ಎಂದಿದ್ದ. ಆವತ್ತು ಹಾಗೆ ತಳ್ಳಿದ್ದರಿಂದಲೇ ತಾನು ಮನುಷ್ಯನಾದೆ ಎಂದು ಸೊಣ್ಣಪ್ಪ ಬದುಕೆಲ್ಲ ನಂಬಿದ್ದ. ಭುಜಕ್ಕೆ ಸರಿಹೋದದ್ದು ತಲೆಗೂ ಸರಿಹೋಗುತ್ತದೆ ಎಂದುಕೊಂಡದ್ದೇ ಅವನು ಮಾಡಿದ ತಪ್ಪು. ತಪ್ಪೆಂದು ಅವನಿಗೆ ಹೇಳುವವರೂ ಯಾರಿರಲಿಲ್ಲ.

ಆಂಜಿನಯ್ಯ ಸೊಣ್ಣಪ್ಪನ ತಂಗಿಯ ಮಗ. ಹೆತ್ತ ತಾಯಿ ಬಾಣಂತನದಲ್ಲೇ ಹೋದಳು. ಕೂಸನ್ನು ಸೊಣ್ಣಪ್ಪ ತಂದು ಸಾಕಿದ. ಅಷ್ಟು ದೊಡ್ಡ ಆಳು ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೆತ್ತಿಗೆ ಹರಳೆಣ್ಣೆ ತಟ್ಟುತ್ತಿದ್ದ. ಮೂಳೆ ಇನ್ನೂ ಕೂಡದ ಆ ಮೆತ್ತನೆ ಜಾಗ ಬೆರಳಿನಡಿ ಮಿಡಿದ ಕೂಡಲೇ ಹೆದರಿ ಕೈ ತೆಗೆದುಬಿಡುತ್ತಿದ್ದ. ಅದನ್ನು ನೋಡಿ ಅವನ ಹೆಂಡತಿ ನಗುತ್ತಿದ್ದಳು. ಈಗ ಆ ಪುಣ್ಯಾತ್ಗಿತ್ತಿಯೂ ಇರಲಿಲ್ಲ. ಆಂಜಿನಯ್ಯ ಬೆಳೆದು ಲಾಲ್‌ಬಾಗಿನಲ್ಲೇ ಕೆಲಸಕ್ಕೆ ಸೇರಿದ, ಗರಡಿಯಲ್ಲಿ ಹೆಸರು ಮಾಡಿದ, ಸೊಣ್ಣಪ್ಪನ ಒಬ್ಬಳೇ ಮಗಳು ಹನುಮಕ್ಕನನ್ನು ಮದುವೆಯಾಗಿ ಅದೇ ಮನೆಯಲ್ಲಿ ಉಳಿದ. ಮಗ, ಅಳಿಯ, ಶಿಷ್ಯ, ಎಲ್ಲ ಒಬ್ಬನೇ ಆದ್ದರಿಂದ ಸೊಣ್ಣಪ್ಪ ಅವನೊಬ್ಬನನ್ನೇ ಮೂರು ಜನರ ಬೈಗುಳ ಬೈಯುತ್ತಿದ್ದ.

ಎಂಬತ್ತೊಂದನೇ ಇಸವಿಯ ನವರಾತ್ರಿ. ವಿಜಯದಶಮಿಯ ದಿನ ಚಾಮರಾಜಪೇಟೆಯ ಮೈದಾನದಲ್ಲಿ ಕುಸ್ತಿ, ಪೇಟೆ ಕಡೆಯ ಮುರುಗೇಶನಿಗೆ ಆಂಜಿನಯ್ಯ ಜೋಡಿ ಎಂದು ಹೆಸರು ಕೊಟ್ಟಾಗಿತ್ತು. ಅದಕ್ಕೆ ಕೆಲವು ದಿನ ಮುಂಚೆ ಗರಡಿಯಲ್ಲಿ ಅವನ ಜೊತೆ ಆಡುತ್ತಿದ್ದವನು ದೊಡ್ಡಬೈರಪ್ಪ, ಚಿಕ್ಕಪೇಟೆಯಲ್ಲಿ ಬಟ್ಟೆ ಮೂಟೆ ಹೊರುವ ಕಟ್ಟಾಳು. ಬೈರಪ್ಪ ಅವನನ್ನು ಸೊಂಟ ಹಿಡಿದೆತ್ತಿ ಒಗೆದ. ಒಗೆದದ್ದು ಸರಿಯಾಗಿಯೇ ಇತ್ತು, ಆದರೆ ಬೆವರಿಗೆ ಕೈ ಜಾರಿತು. ಆಂಜಿನಯ್ಯನ ಮೈ ಮಣ್ಣಿಗೆ ಬಿತ್ತು, ತಲೆಯ ಹಿಂಭಾಗ ಕಲ್ಲಿನ ಕಟ್ಟೆಗೆ ಬಡಿಯಿತು.

ಸ್ವಲ್ಪ ಹೊತ್ತು ಅವನು ಕಣ್ಣು ಬಿಡಲಿಲ್ಲ. ಮುಖಕ್ಕೆ ನೀರು ಹಾಕಿದ ಮೇಲೆ ಎದ್ದು ಕೂತು, "ಯಾರ್ ಗೆದ್ದಿದ್ದು ಮಾವ?" ಎಂದು ಕೇಳಿದ.

"ನೀನ್ ಬಿದ್ದೆ ಕಣೋ, ಇನ್ಯಾರ್ ಗೆಲ್ತಾರೆ" ಎಂದ ಸೊಣ್ಣಪ್ಪ.

"ಹೌದಾ?" ಎಂದು ಆಂಜಿನಯ್ಯ ಮಣ್ಣು ಕೊಡವಿಕೊಂಡ. ಆಮೇಲೆ ಮತ್ತೆ, "ಯಾರ್ ಗೆದ್ದಿದ್ದು ಮಾವ?" ಎಂದ. ಗರಡಿಯೆಲ್ಲ ಗೊಳ್ಳೆಂದು ನಕ್ಕಿತು.

ಬೈರಪ್ಪ ಮಾತ್ರ ನಗಲಿಲ್ಲ. "ವಸ್ತಾದ್ರೇ, ಇವತ್ತಿಗೆ ಸಾಕು ಬಿಡಿ. ಕಣ್ಣು ಯಾಕೋ ಸರಿಯಾಗಿ ನಿಲ್ತಿಲ್ಲ ಅವನಿಗೆ."

"ದೀಪ ಹಚ್ಚೋಕೆ ಇನ್ನೂ ಹೊತ್ತಿದೆ" ಎಂದ ಸೊಣ್ಣಪ್ಪ. "ಇಳೀಲಿ."

ಆಂಜಿನಯ್ಯ ಇಳಿದ. ಅಳಿಯ ಎಂದು ಒಂದು ಕಟ್ಟಳೆ, ಮಿಕ್ಕವರಿಗೆ ಒಂದು ಕಟ್ಟಳೆ ಮಾಡಿದರೆ ನಾಳೆ ಗರಡಿಯವರು ಎದುರಿಗೇ ಆಡಿಕೊಳ್ಳುತ್ತಾರೆ ಎಂಬುದೂ ಸೊಣ್ಣಪ್ಪನ ಮನಸ್ಸಿನಲ್ಲಿತ್ತು. ಆವತ್ತು ಏನೂ ಆಗಲಿಲ್ಲ. ಅದೇ ಒಂದು ದೊಡ್ಡ ಕೇಡಾಯಿತು, ಯಾಕೆಂದರೆ ಸೊಣ್ಣಪ್ಪನ ಧೈರ್ಯ ಅದರಿಂದ ಇನ್ನೂ ಹೆಚ್ಚಿತು.

ಮಾರನೆಯ ದಿನ ಹನುಮಕ್ಕ ಒಲೆಯ ಮುಂದಿನಿಂದ ಎದ್ದು ಬಂದಳು. "ಅಪ್ಪಾ, ಗರಡೀಲಿ ಏನಾಯ್ತು? ಬಾವ ತಲೆನೋವು ಅಂತ ಕತ್ತಲೇಲಿ ಕೂತವ್ರೆ. ಬಿಸಿಲು ಕಂಡ್ರೆ ಆಗ್ತಿಲ್ಲ. ಮುದ್ದೆ ಬಾಯಿಗಿಟ್ಟಿದ್ದೇ ತಡ, ವಾಂತಿ."

"ಗರಡಿ ವಿಷ್ಯ ನಿನಗ್ಯಾಕೆ? ಉಷ್ಣ ಆಗಿರುತ್ತೆ. ಹರಳೆಣ್ಣೆ ತಟ್ಟು, ಇಳಿಯುತ್ತೆ."

ಅವಳು ತಟ್ಟಿದಳು. ಆಂಜಿನಯ್ಯನೂ ಗರಡಿಯ ಮಾತು ಹೇಳಲಿಲ್ಲ. ಲಾಲ್‌ಬಾಗಿನಲ್ಲಿ ಅವನು ಚೆಂಡುಹೂವಿನ ಪಾತಿಗೆ ನೀರು ಬಿಟ್ಟು ಮುಗಿಸಿ, ಮತ್ತೆ ಅದೇ ಪಾತಿಗೇ ನೀರು ಬಿಡಲು ಹೋದದ್ದನ್ನು ಸೊಣ್ಣಪ್ಪ ಕಣ್ಣಾರೆ ಕಂಡ. ಕಂಡು, "ಎತ್ಲಾಗಿದೆ ನಿನ್ ಜ್ಞಾನ?" ಎಂದು ಬೈದ. ಬೈದ ಮೇಲೆ, ಇವನು ಎಂದೂ ಹೀಗೆ ಮಾಡಿದವನಲ್ಲವಲ್ಲ ಎಂದು ಅನ್ನಿಸಿತು. ಹಬ್ಬದ ಹೊತ್ತಿನಲ್ಲಿ ಅದಕ್ಕೆ ಕಿವಿಗೊಡುವ ಮನಸ್ಸು ಅವನಿಗಿರಲಿಲ್ಲ.

ವಿಜಯದಶಮಿಯ ಮಧ್ಯಾಹ್ನ ಹನುಮಕ್ಕ ಬಾಗಿಲಿಗೆ ಅಡ್ಡ ನಿಂತು, "ಈ ಸಲಿ ಬೇಡ ಅಪ್ಪಾ" ಎಂದಳು. "ಹೆಸರು ಕೊಟ್ಟಾಗಿದೆ" ಎಂದ ಸೊಣ್ಣಪ್ಪ. ಆಂಜಿನಯ್ಯ ನಕ್ಕು, ಅವಳನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿ ಹೊರಟ. ತಲೆನೋವು ಕಡಿಮೆಯಾಗಿದೆ ಎಂದೂ ಹೇಳಿದ.

ಮೈದಾನದಲ್ಲಿ ನಡೆದದ್ದನ್ನು ಏಟು ಎಂದು ಕರೆಯಲೂ ಬರುವುದಿಲ್ಲ. ಇಬ್ಬರೂ ಕೈ ಕೂಡಿಸಿ ಒತ್ತಾಡುವಾಗ ಮುರುಗೇಶನ ಭುಜ ಆಂಜಿನಯ್ಯನ ಕೆನ್ನೆಯ ಮೂಳೆಗೆ ತಾಗಿತು. ಇಂಥದ್ದು ಒಂದು ಕುಸ್ತಿಯಲ್ಲಿ ಹತ್ತಾರು ಸಲ ಆಗುತ್ತದೆ. ಆಂಜಿನಯ್ಯ ಬೀಳಲಿಲ್ಲ. ಮುರುಗೇಶನ ಕೈ ಬಿಟ್ಟು, ಜನ ಕೂಗುತ್ತಿದ್ದರೂ ಲೆಕ್ಕಿಸದೆ, ಸೀದಾ ಸೊಣ್ಣಪ್ಪ ನಿಂತಿದ್ದ ಕಡೆಗೆ ನಡೆದು ಬಂದ. "ಮಾವ, ತಲೆ" ಎಂದವನು ಮುಂದಿನ ಮಾತು ಆಡದೆ ಅವನ ಎದೆಯ ಮೇಲೇ ಕುಸಿದ.

ಆಟೋದಲ್ಲಿ ಬೈರಪ್ಪ ಮತ್ತು ಸೊಣ್ಣಪ್ಪ ಅವನನ್ನು ತೊಡೆಯ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ಹಿಂದೆಯೇ ಹನುಮಕ್ಕನಿಗೆ ಸುದ್ದಿ ಹೋಯಿತು. ಅವಳು ಬರುವ ಹೊತ್ತಿಗೆ ಡಾಕ್ಟರ್ ಮಹಾನಂದ ಆಂಜಿನಯ್ಯನ ರೆಪ್ಪೆ ಎತ್ತಿ ಕಣ್ಣಿಗೆ ಟಾರ್ಚ್ ಬಿಟ್ಟು ನೋಡುತ್ತಿದ್ದರು. ಚಿಕ್ಕಪೇಟೆಯ ರೇಷ್ಮೆ ವ್ಯಾಪಾರಿಗಳ ಮನೆಯ ಮಗಳು ಆಕೆ; ಬೈರಪ್ಪ ಅವರ ತಂದೆಯ ಅಂಗಡಿಗೂ ಮೂಟೆ ಹೊತ್ತವನೇ. ಆಂಜಿನಯ್ಯನ ಒಂದು ಕಣ್ಣಿನ ಪಾಪೆ ದೊಡ್ಡದಾಗಿ, ಬೆಳಕು ಬಿದ್ದರೂ ಕಿರಿದಾಗದೆ ನಿಂತಿತ್ತು.

"ಇದಕ್ಕೆ ಮುಂಚೆ ತಲೆಗೆ ಏಟೇನಾದ್ರೂ ಬಿದ್ದಿತ್ತಾ? ಈ ವಾರದಲ್ಲಿ?" ಎಂದು ಕೇಳಿದರು.

ಹನುಮಕ್ಕ ಅಪ್ಪನ ಮುಖ ನೋಡಿದಳು. ಬೈರಪ್ಪ ನೆಲ ನೋಡಿದ.

"ಇಲ್ಲಮ್ಮ" ಎಂದ ಸೊಣ್ಣಪ್ಪ.

ನೂರಾರು ಜನರೆದುರು ಎದೆ ತಟ್ಟಿ ನಿಂತವನ ಬಾಯಿಂದ ಆ ಮಾತು ಹೇಗೆ ಬಂತೋ! ಗರಡಿಯ ಮಾತು ಹೊರಗೆ ಆಡಬಾರದೆಂಬ ಅಭ್ಯಾಸ ಒಂದು ಪಾಲು, ಮಗಳು ಪಕ್ಕದಲ್ಲಿದ್ದಾಳೆಂಬ ಭಯ ಮೂರು ಪಾಲು. ಡಾಕ್ಟರು ಹುಬ್ಬು ಗಂಟಿಕ್ಕಿಕೊಂಡು ಒಳಗೆ ಹೋದರು. ಒಳಗೆ ಓಡಾಟ ಶುರುವಾಯಿತು.

ಅವರು ಮತ್ತೆ ಹೊರಗೆ ಬಂದಾಗ ಹನುಮಕ್ಕ ಎರಡೂ ಕೈ ಜೋಡಿಸಿದ್ದಳು. "ಡಾಕ್ಟ್ರಮ್ಮ, ನಾನು ತಲೆನೋವಿಗೆ ಅಂತ ದಿನಾ ಎಣ್ಣೆ ಹಾಕಿ ಜೋರಾಗಿ ತಟ್ಟಿದೆ. ನಾನ್ ತಟ್ಟಿದ್ದಕ್ಕೇ ಹಿಂಗಾಯ್ತಾ? ನನ್ನಿಂದ್ಲೇ ಆಯ್ತಾ?"

ಸೊಣ್ಣಪ್ಪನಿಗೆ ತಡೆದುಕೊಳ್ಳಲಾಗಲಿಲ್ಲ. ಬೆಂಚಿನಿಂದ ಎದ್ದು ಮಗಳ ಮುಂದೆ ಬಂದು ನಿಂತ. "ನಿಂದೇನಿಲ್ಲ ಮಗಳೇ. ಕಟ್ಟೆ ಕಲ್ಲಿಗೆ ಬಡೀತು ಅವನ ತಲೆ, ಹಬ್ಬಕ್ಕೆ ಮುಂಚೆ. ಜ್ಞಾನ ತಪ್ಪಿತ್ತು. ಎದ್ದ ಮೇಲೆ ನಾನೇ ಮತ್ತೆ ಮಟ್ಟಿಗೆ ಇಳಿಸ್ದೆ. ಇವತ್ತೂ ನಾನೇ ಕರ್ಕೊಂಡ್ ಬಂದೆ."

ಹನುಮಕ್ಕ ಜೋಡಿಸಿದ್ದ ಕೈ ಕೆಳಗಿಳಿಸಿ, ಬೆಂಚಿನ ಆ ತುದಿಗೆ ಹೋಗಿ ಕೂತಳು. ಡಾಕ್ಟರೂ ಬೈಯಲಿಲ್ಲ. ಬೈದಿದ್ದರೆ ಸೊಣ್ಣಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಹಾಗಿದ್ರೆ ಈಗ ಅರ್ಥ ಆಯ್ತು" ಎಂದರು ಅವರು. ಬೈರಪ್ಪನ ಹೆಗಲ ಮೇಲಿನ ಟವೆಲನ್ನು ತೋರಿಸಿ ನಿಧಾನವಾಗಿ ಹೇಳಿದರು. "ಮೆದುಳಿನ ರಕ್ತನಾಳ ಇರುತ್ತಲ್ಲ, ಅದರ ಗೋಡೆ ಬೇರೆ ಕಡೆ ಇರೋ ಹಾಗಲ್ಲ. ಈ ಟವೆಲ್ ತರ ಸಡಿಲ ಅಲ್ಲ, ಒಳ್ಳೆ ರೇಷ್ಮೆ ನೇಯ್ಗೆ ತರ ಬಿಗಿ. ಮೆದುಳಿಗೆ ಏನು ಬೇಕೋ ಅಷ್ಟನ್ನೇ ಒಳಗೆ ಬಿಡುತ್ತೆ, ಬೇಡದ್ದನ್ನ ರಕ್ತದಲ್ಲೇ ತಡೆಯುತ್ತೆ. ತಲೆಗೆ ಜೋರಾಗಿ ಏಟು ಬಿದ್ರೆ ಆ ನೇಯ್ಗೆ ಅಲ್ಲಲ್ಲಿ ಸಡಿಲ ಆಗುತ್ತೆ. ಹೊರಗಿಂದ ಗಾಯ ಕಾಣಲ್ಲ, ಮನುಷ್ಯ ಎದ್ದು ಓಡಾಡ್ತಾನೆ. ಒಳಗೆ ನೀರು ಜಿನುಗ್ತಾ ಇರುತ್ತೆ."

"ನೀರಾ?" ಎಂದ ಬೈರಪ್ಪ.

"ರಕ್ತದಲ್ಲಿರೋ ನೀರು. ಅವರೇಕಾಳು ನೆನೆಹಾಕಿದ್ರೆ ಉಬ್ಬುತ್ತಲ್ಲ, ಹಾಗೆ ಮೆದುಳು ಉಬ್ಬುತ್ತೆ. ಪಾತ್ರೆ ದೊಡ್ಡದಿದ್ರೆ ಚಿಂತೆಯಿಲ್ಲ. ತಲೆಬುರುಡೆ ಹಿಗ್ಗಲ್ಲ. ಒಳಗೆ ಒತ್ತಡ ಏರಿ ಹೊಸ ರಕ್ತ ಹೋಗೋಕೂ ಜಾಗ ಇರಲ್ಲ. ಸುಮ್ನೆ ಮಲಗಿದ್ರೆ ಆ ನೇಯ್ಗೆ ತಾನೇ ಕೂಡಿಕೊಳ್ಳುತ್ತೆ, ದಿನ ಹಿಡಿಯುತ್ತೆ. ಕೂಡಿಕೊಳ್ಳೋಕೆ ಮುಂಚೆ ಇನ್ನೊಂದು ಏಟು, ಎಷ್ಟೇ ಸಣ್ಣದಾಗ್ಲಿ, ಬಿದ್ರೆ ನಾಳಗಳು ಹತೋಟಿ ತಪ್ಪಿ ರಕ್ತ ತುಂಬ್ಕೊಂಡು ಒಂದೇ ಸಲ ಊದಿಬಿಡುತ್ತೆ. ಯಾಕೆ ಇಷ್ಟು ಬೇಗ ಊದುತ್ತೆ ಅನ್ನೋದು ನಮಗೂ ಪೂರ್ತಿ ತಿಳಿದಿಲ್ಲ."

"ಮೊದಲ್ನೇ ದಿನವೇ ಮಲಗ್ಸಿಬಿಟ್ಟಿದ್ರೆ?" ಎಂದು ಸೊಣ್ಣಪ್ಪ ಕೇಳಿದ.

ಡಾಕ್ಟರು ಹನುಮಕ್ಕನ ಕಡೆ ಒಮ್ಮೆ ನೋಡಿದರು. "ಸರಿಹೋಗ್ತಿದ್ದ ಅಂತ ಅನ್ಸುತ್ತೆ" ಎಂದು ಹೇಳಿ ಒಳಗೆ ಹೋದರು.

ಮೆದುಳಿನ ನೀರೆಳೆಯುವ ಔಷಧಿಯನ್ನು ನರಕ್ಕೆ ಹಾಕಿದರು. ಮಂಚದ ತಲೆಯ ಕಡೆಯ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದರು. ಅದಕ್ಕೂ ಬಗ್ಗದಾಗ ತಲೆಬುರುಡೆಯ ಒಂದು ಪಕ್ಕದ ಮೂಳೆ ತೆಗೆದು, ಊದಿದ ಮೆದುಳಿಗೆ ಜಾಗ ಮಾಡಿಕೊಟ್ಟರು. ಆಂಜಿನಯ್ಯ ಬಹಳ ದಿನ ಸಾವಿನ ಅಂಚಿನಲ್ಲೇ ಇದ್ದು ಉಳಿದುಕೊಂಡ. ದೀಪಾವಳಿ ಕಳೆದು ಎಷ್ಟೋ ದಿನಕ್ಕೆ ಮನೆಗೆ ಬಂದಾಗ ಅವನ ಎಡಗೈ ಮಾತು ಕೇಳುತ್ತಿರಲಿಲ್ಲ, ಬೆಳಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿರುತ್ತಿರಲಿಲ್ಲ. ಹಳೆಯದೆಲ್ಲ ಇತ್ತು, ಹನುಮಕ್ಕ ಗೊತ್ತು, ಗರಡಿ ಗೊತ್ತು, ಪಟ್ಟುಗಳ ಹೆಸರೂ ಗೊತ್ತು. ಆ ನವರಾತ್ರಿಯಿಂದ ಈಚೆಗೆ ಯಾವುದೂ ಮನಸ್ಸಿನಲ್ಲಿ ನಿಲ್ಲುತ್ತಿರಲಿಲ್ಲ. ಎಂದೂ ಜೋರಾಗಿ ಮಾತಾಡದವನು ಈಗ ತಟ್ಟೆ ಎತ್ತಿ ಎಸೆಯುತ್ತಿದ್ದ, ಆಮೇಲೆ ತಟ್ಟೆ ಯಾರು ಎಸೆದದ್ದು ಎಂದು ಕೇಳುತ್ತಿದ್ದ.

ಮೂಳೆ ತೆಗೆದ ಕಡೆ ತಲೆ ತಗ್ಗಾಗಿತ್ತು. ಚರ್ಮದ ಕೆಳಗೆ ಮಿಡಿತ ಕಾಣುತ್ತಿತ್ತು. ಮೊದಲ ದಿನ ಸೊಣ್ಣಪ್ಪ ಅದನ್ನು ನೋಡಿ, ಇಪ್ಪತ್ತೈದು ವರ್ಷ ಹಿಂದೆ ಹೇಗೋ ಹಾಗೇ ಬೆರಳು ಚಾಚಿದ. ಹನುಮಕ್ಕ ಅವನ ಮಣಿಕಟ್ಟು ಹಿಡಿದುಕೊಂಡಳು. "ಮುಟ್ಬೇಡ" ಎಂದಳು. ಅಪ್ಪನೊಂದಿಗೆ ಅವಳು ಆಡಿದ ಮಾತು ಬಹಳ ಕಾಲದವರೆಗೆ ಅದೊಂದೇ.

ಒಂದೇ ಸೂರಿನ ಕೆಳಗೆ ಮಾತಿಲ್ಲದೆ ಬದುಕುವುದು ಎಂಥ ಹಿಂಸೆ ಎಂಬುದು ಅನುಭವಿಸಿದವರಿಗೇ ಗೊತ್ತು. ಅವಳು ಅಪ್ಪನಿಗೆ ಹೊತ್ತು ಹೊತ್ತಿಗೆ ಬಡಿಸುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಜ್ವರ ಬಂದರೆ ಕಷಾಯ ಕಾಯಿಸಿ ಪಕ್ಕದಲ್ಲಿ ಇಡುತ್ತಿದ್ದಳು. ಮಾತು ಮಾತ್ರ ಇಲ್ಲ. ಸೊಣ್ಣಪ್ಪ ಬೆಳಗ್ಗೆ ಆಂಜಿನಯ್ಯನನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋಗಿ ಕೈಗೊಂದು ನೀರಿನ ಡಬ್ಬ ಕೊಡುತ್ತಿದ್ದ. ಅವನು ಒಂದೇ ಪಾತಿಗೆ ಮತ್ತೆ ಮತ್ತೆ ನೀರು ಹಾಕಿ ಸಸಿಯ ಬೇರು ಕೊಳೆಯಿಸುತ್ತಿದ್ದ. ಸೊಣ್ಣಪ್ಪ ಸತ್ತ ಸಸಿ ಕಿತ್ತು ಹೊಸದು ನೆಡುತ್ತಿದ್ದ, ಈಗ ಬೈಯುತ್ತಿರಲಿಲ್ಲ. ಸಂಜೆ ಗರಡಿಗೂ ಕರೆದೊಯ್ದು, ಒಳಗೆ ಕಾಣುವ ಹಾಗೆ ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಕೂರಿಸುತ್ತಿದ್ದ. ದೀಪ ಹಚ್ಚುವ ಹೊತ್ತಿಗೆ ಹನುಮಕ್ಕ ಗರಡಿಯ ಹೊಸಿಲಾಚೆ ಬಂದು ನಿಂತು, "ಬಾವ, ಬನ್ನಿ ಮನೆಗೆ" ಎಂದು ಕರೆದುಕೊಂಡು ಹೋಗುತ್ತಿದ್ದಳು. ಸೊಣ್ಣಪ್ಪ ಅವರ ಹಿಂದೆ ಸ್ವಲ್ಪ ದೂರ ಬಿಟ್ಟು ನಡೆಯುತ್ತಿದ್ದ.

ಗರಡಿಯ ಕಟ್ಟಳೆಯನ್ನು ಅವನು ಬದಲಾಯಿಸಿದ್ದ. ತಲೆಗೆ ಏಟಾದವನು ತಲೆನೋವು ಪೂರ್ತಿ ಬಿಟ್ಟು, ಡಾಕ್ಟರು ಹೂಂ ಎನ್ನುವವರೆಗೆ ಮಟ್ಟಿಗೆ ಕಾಲಿಡಕೂಡದು. ಕಟ್ಟೆಯ ಕಲ್ಲು ಕಿತ್ತು ಹಾಕಿಸಿ ಅಲ್ಲಿಗೂ ಮಣ್ಣು ತುಂಬಿಸಿದ. ಪೈಲ್ವಾನರು ಮುಖ ಮುಖ ನೋಡಿಕೊಂಡರು. ಇದು ಗರಡಿಯೋ ಶಿಶುವಿಹಾರವೋ ಎಂದು ಒಬ್ಬ ಅಂದ. ಕೆಲವರು ಪೇಟೆಯ ಗರಡಿಗೆ ಹೋದರು. ಬೈರಪ್ಪ ಕುಸ್ತಿಯನ್ನೇ ಬಿಟ್ಟ, ಆದರೆ ದಿನಾ ಬಂದು ಮಣ್ಣು ಹದ ಮಾಡಿಕೊಟ್ಟು ಹೋಗುತ್ತಿದ್ದ. ಯಾಕೆ ಹೀಗೆ ಮಾಡಿದೆ ಎಂದು ಯಾರೇ ಕೇಳಿದರೂ ಸೊಣ್ಣಪ್ಪ, "ನಾನ್ ಹೇಳ್ದೆ, ಅಷ್ಟೇ" ಎನ್ನುತ್ತಿದ್ದ. ನಿಜ ಹೇಳುವ ಎದೆ ಅವನಿಗಿನ್ನೂ ಬಂದಿರಲಿಲ್ಲ.

ಹೀಗೆ ವರ್ಷಗಳು ಕಳೆದವು. ಎಂಬತ್ತಾರನೇ ಇಸವಿಯ ಒಂದು ಸಂಜೆ, ದೊರೆಸ್ವಾಮಿ ಎಂಬ ಪೈಲ್ವಾನ ಜೋಡಿ ಆಡುವಾಗ ಎದುರಾಳಿಯ ಮೊಣಕಾಲು ತಲೆಗೆ ತಾಗಿ ಬಿದ್ದ. ಎದ್ದು ಕೂತು ತಲೆ ಕೊಡವಿದ. ಸೊಣ್ಣಪ್ಪ ಓಡಿ ಬಂದು, "ಹೊರಗೆ ಬಾ, ಸಾಕು" ಎಂದ.

"ಏನಾಗಿಲ್ಲ ವಸ್ತಾದ್ರೇ" ಎಂದು ದೊರೆಸ್ವಾಮಿ ಎದ್ದು ನಿಂತ.

ಅಷ್ಟರಲ್ಲಿ ಮೆಟ್ಟಿಲ ಮೇಲಿದ್ದ ಆಂಜಿನಯ್ಯ ಎದ್ದ. ಅವನ ಮುಖ ಕೆಂಪಾಗಿತ್ತು. "ಇಳೀ ಲೇ!" ಎಂದು ಗರ್ಜಿಸಿದ. "ದೀಪ ಹಚ್ಚೋಕಿನ್ನೂ ಹೊತ್ತಿದೆ. ಬಿದ್ದವನು ಮತ್ತೆ ಇಳೀಬೇಕು! ಹೆದರಿಕೆ ಮನೆಗೆ ತಗೊಂಡ್ ಹೋಗ್ತೀಯಾ? ಇಳಿ!"

ಅದು ಸೊಣ್ಣಪ್ಪನದೇ ಮಾತು, ಸೊಣ್ಣಪ್ಪನದೇ ಧಾಟಿ. ಸೊಣ್ಣಪ್ಪ ಹೇಳಿಕೊಟ್ಟದ್ದರಲ್ಲಿ ಒಂದಕ್ಷರವನ್ನೂ ಮರೆಯದೆ ಉಳಿಸಿಕೊಂಡಿದ್ದ ಒಬ್ಬನೇ ಶಿಷ್ಯ ಅವನು. ದೊರೆಸ್ವಾಮಿ ಹುರುಪೆದ್ದು ಮಟ್ಟಿಯ ನಡುವಿಗೆ ಹೆಜ್ಜೆ ಇಟ್ಟ. ಸೊಣ್ಣಪ್ಪ ಅವನೆದುರು ಹೋಗಿ ನಿಂತು ಎರಡೂ ಕೈ ಅಗಲಿಸಿದ.

"ಇಳಿಯಲ್ಲ ಅವನು."

ಆಂಜಿನಯ್ಯ ಮಾವನನ್ನು ನೋಡಿದ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಮುಖದಲ್ಲಿ ಸಿಟ್ಟು ಹೋಗಿ ನಾಚಿಕೆಯಂಥದ್ದೇನೋ ಬಂತು, ಮನೆಯ ಹಿರಿಯ ಎಲ್ಲರೆದುರು ಸಣ್ಣವನಾದಾಗ ಆಗುವಂಥದ್ದು. "ಇದೇನ್ ಮಾವ?" ಎಂದ ಮೆಲ್ಲಗೆ. "ನೀನು ಹೆದರ್ಕೊಂಡ್ಬಿಟ್ಯಾ?"

ಎಲ್ಲರೂ ನೋಡುತ್ತಿದ್ದರು. ಹೊಸಿಲಾಚೆ ಹನುಮಕ್ಕ ಬಂದು ನಿಂತದ್ದು ಸೊಣ್ಣಪ್ಪನಿಗೆ ಗೊತ್ತಿತ್ತು.

"ಹೂಂ ಕಣಪ್ಪಾ" ಎಂದ. "ಹೆದರ್ಕೊಂಡಿದೀನಿ. ನೀನು ಹಿಂಗೇ ಬಿದ್ದಿದ್ದೆ. ಇದೇ ಮಾತು ಹೇಳಿ ನಾನೇ ನಿನ್ನ ಇಳಿಸ್ದೆ. ನಿನ್ನ ಈ ಗತಿಗೆ ತಂದವನು ನಾನು."

ಆಂಜಿನಯ್ಯ, "ಯಾವಾಗ?" ಎಂದು ಕೇಳಿದ. ಆಮೇಲೆ ಉತ್ತರಕ್ಕೂ ಕಾಯದೆ ಮೆಟ್ಟಿಲ ಮೇಲೆ ಕೂತು ತನ್ನ ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಕೇಳಿದ್ದು ಆಗಲೇ ಅವನ ಮನಸ್ಸಿನಿಂದ ಹೋಗಿತ್ತು. ನಾಳೆ ಹೇಳಿದರೂ ಹೋಗುತ್ತದೆ, ನಾಡಿದ್ದು ಹೇಳಿದರೂ ಹೋಗುತ್ತದೆ. ಅವನಿಂದ ಕ್ಷಮೆ ಪಡೆಯುವ ದಾರಿ ಸೊಣ್ಣಪ್ಪನಿಗೆ ಇನ್ನೆಂದೂ ಇರಲಿಲ್ಲ.

ಬೈರಪ್ಪ ಆಂಜನೇಯನ ಮುಂದೆ ದೀಪ ಹಚ್ಚಿದ. ದೊರೆಸ್ವಾಮಿ ಮೈ ಒರೆಸಿಕೊಂಡು ಹೊರಗೆ ಬಂದು ಕೂತ.

ಹನುಮಕ್ಕ ಹೊಸಿಲಾಚೆಯೇ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಗಂಡನ ಕೈ ಹಿಡಿದು ಎಬ್ಬಿಸಿದಳು. ಎರಡು ಹೆಜ್ಜೆ ಹೋದವಳು ನಿಂತು, ಒಳಗೆ ನೋಡದೆಯೇ ಹೇಳಿದಳು.

"ಅಪ್ಪಾ, ಕತ್ತಲಾಗ್ತಿದೆ. ಅವರ ಆ ಕಡೆ ಕೈ ಹಿಡ್ಕೋ ಬಾ."